ಮನೆಯ ಕೈಗೆ ಬಂದ ಲೆಕ್ಕ: ಜಪಾನಿನ ಕಕೇಬೊ

ಕೊಂಡ ಸರಕಿನ ಲೆಕ್ಕವನ್ನು ಬರೆದಿಡುವ ಕೆಲಸ ಬಹುಕಾಲ ಮಾರುವವನ ಪಾಲಿನದಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದ ಕಡತದ ಮೇಲೆ ಕನ್ನಡ ನಾಡಿನ ವರ್ತಕರು ಬಳಪದಿಂದ ಬರೆಯುತ್ತಿದ್ದ ಲೆಕ್ಕವು ಯಾರಿಂದ ಎಷ್ಟು ಬರಬೇಕೆಂಬುದನ್ನು ಹೇಗೆ ಕಾಪಾಡುತ್ತಿತ್ತೋ, ಹಾಗೆಯೇ ಎದೊ ಕಾಲದ (1603–1868) ಜಪಾನಿನ ಅಂಗಡಿಗಳಲ್ಲಿ ‘ದೈಫುಕುಚೊ’, ಅಂದರೆ ಮಹಾಭಾಗ್ಯದ ಪುಸ್ತಕ, ಎಂಬ ದಪ್ಪ ವಹಿಯು ಉದ್ರಿ ಗಿರಾಕಿಗಳ ಬಾಕಿಯನ್ನು ಕಾಪಾಡುತ್ತಿತ್ತು. ಪಿತೃಗಳ ಹಬ್ಬವಾದ ಬೊನ್ ಬಂದಾಗ ಒಮ್ಮೆ, ವರ್ಷ ಮುಗಿಯುವಾಗ ಇನ್ನೊಮ್ಮೆ ಬಾಕಿ ತೀರಿಸುವ ರೂಢಿಯಿದ್ದುದರಿಂದ, ಆ ತಿಂಗಳುಗಳ ನಡುವೆ ತಾನು ಕೊಂಡದ್ದು ಎಷ್ಟಾಯಿತೆಂಬುದು ಕೊಳ್ಳುವವನಿಗಿಂತ ಅಂಗಡಿಯವನಿಗೇ ಚೆನ್ನಾಗಿ ತಿಳಿದಿರುತ್ತಿತ್ತು. 1673ರಲ್ಲಿ ಎದೊ ನಗರದಲ್ಲಿ ಆರಂಭವಾದ ಮಿತ್ಸುಯಿ ಮನೆತನದ ಎಚಿಗೊಯಾ ಎಂಬ ಜವಳಿ ಅಂಗಡಿಯು ಮುಂದೆ ನಗದು ವ್ಯಾಪಾರವನ್ನೂ ಚೌಕಾಸಿಯಿಲ್ಲದ ಒಂದೇ ಬೆಲೆಯನ್ನೂ ಸಾರಿ ಹೆಸರಾದರೂ, ಉದ್ರಿಯ ವ್ಯವಹಾರ ಅದರಿಂದ ಅಳಿಯಲಿಲ್ಲ.

ಆ ಕಾಲದ ಮನೆಯೊಂದು ತನ್ನ ವೆಚ್ಚವನ್ನು ತಾನೇ ಬರೆದು ಉಳಿಸಿದ ಅಪೂರ್ವ ಉದಾಹರಣೆ ಇನೊಯಾಮಾ ಮನೆತನದ್ದು. ಕನಜಾವಾ ಪಟ್ಟಣವನ್ನು ರಾಜಧಾನಿಯಾಗಿ ಹೊಂದಿದ್ದ ಕಾಗಾ ಸಂಸ್ಥಾನದಲ್ಲಿ ಲೆಕ್ಕಿಗರಾಗಿ ಸೇವೆ ಸಲ್ಲಿಸುತ್ತಿದ್ದ ಈ ಸಮುರಾಯ್ ಕುಟುಂಬದ 1842ರಿಂದ 1879ರವರೆಗಿನ ಮನೆವಾರ್ತೆಯ ಜಮಾಖರ್ಚು ಇತಿಹಾಸಕಾರ ಇಸೊದಾ ಮಿಚಿಫುಮಿ ಅವರಿಗೆ ತೋಕಿಯೊದ ಹಳೆಯ ಪುಸ್ತಕದಂಗಡಿಯೊಂದರಲ್ಲಿ ದೊರೆತು, ಅದರ ಆಧಾರದಿಂದ ಅವರು ಬರೆದ ಗ್ರಂಥ 2003ರಲ್ಲಿ ಪ್ರಕಟವಾಯಿತು. ಬರವಣಿಗೆ ಆರಂಭವಾದ ಹೊತ್ತಿಗೆ ಮನೆಯ ಸಾಲ ವರ್ಷದ ಆದಾಯದ ಎರಡು ಪಟ್ಟಿನಷ್ಟಾಗಿತ್ತು. ಯಜಮಾನ ಇನೊಯಾಮಾ ನಾವೊಯುಕಿ ಉಡುಪು, ಪುಸ್ತಕ, ಚಹಾ ಸಾಮಗ್ರಿಗಳನ್ನೆಲ್ಲ ಮಾರಿ ಸಾಲದ ಒಂದು ಭಾಗವನ್ನು ತೀರಿಸಿ, ಉಳಿದದ್ದಕ್ಕೆ ಬಡ್ಡಿಯಿಲ್ಲದ ದೀರ್ಘ ಕಂತುಗಳನ್ನು ಸಾಲಿಗರಿಂದ ಒಪ್ಪಿಸಿಕೊಂಡ ಮೇಲೆ, ಮತ್ತೆ ಸಾಲದಲ್ಲಿ ಬೀಳದಿರುವುದಕ್ಕಾಗಿ ಸಣ್ಣಪುಟ್ಟ ಖರೀದಿಯನ್ನೂ ಬಿಡದೆ ದಾಖಲಿಸುವ ಶಿಸ್ತನ್ನು ಮನೆಗೆ ತಂದನು.

ಈ ದಾಖಲೆಯ ಬೆಲೆ ಇರುವುದು ಅದರ ಮೊತ್ತಗಳಲ್ಲಿ ಅಲ್ಲದೆ ಬಾಬತ್ತುಗಳಲ್ಲಿ, ಅಂದರೆ ಯಾವುದಕ್ಕಾಗಿ ಹಣ ಹೋಯಿತೆಂಬ ವಿವರದಲ್ಲಿ. ಸಾಲಕ್ಕೆ ದುಂದುವೆಚ್ಚವೇ ಕಾರಣವೆಂದು ಯಾರಾದರೂ ಊಹಿಸಬಹುದಾದ ಕಡೆ, ವೆಚ್ಚಗಳನ್ನು ವಿಂಗಡಿಸಿದ ಇಸೊದಾ ಅವರಿಗೆ ಕಂಡದ್ದು ನೆಂಟರಿಗೆ ಕೊಡಬೇಕಾದ ಕಾಣಿಕೆ, ಸಂಸ್ಕಾರ ಸಮಾರಂಭಗಳು, ಆಳುಗಳ ಸಂಬಳ ಮೊದಲಾದ, ಅಂತಸ್ತಿಗಾಗಿ ಮಾಡಲೇಬೇಕಾಗಿದ್ದ ಖರ್ಚುಗಳು. ಇವನ್ನು ಅವರು ‘ಅಂತಸ್ತಿನ ವೆಚ್ಚ’ ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. ಮದುವೆ ಮುಂಜಿಗಳಲ್ಲಿ ಮುಯ್ಯಿ ಮಾಡುವ, ಮಾಡಿದ ಮುಯ್ಯಿಯನ್ನು ತೀರಿಸುವ ಬಳಕೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುರಾಯ್ ಮನೆಯು ಊಟದಲ್ಲಿ ಎಷ್ಟು ಮಿಗಿಸಿದರೂ ಈ ಬಾಬತ್ತನ್ನು ಸುಲಭವಾಗಿ ಕೈಬಿಡುವಂತಿರಲಿಲ್ಲ. ಆದ್ದರಿಂದಲೇ ಮಗುವೊಂದರ ಸಂಸ್ಕಾರದ ದಿನ ಶುಭಸೂಚಕವಾದ ತಾಯ್ ಮೀನನ್ನು ಕೊಳ್ಳುವ ಬದಲು ಅದರ ಚಿತ್ರವನ್ನು ಇಟ್ಟ ಸಂಗತಿಯು, ಆ ವಹಿಯಲ್ಲಿರುವ ಯಾವ ಅಂಕಿಗಿಂತಲೂ ಹೆಚ್ಚಾಗಿ ಮನಸ್ಸನ್ನು ತಟ್ಟುತ್ತದೆ.

ಲೆಕ್ಕವೇ ವೃತ್ತಿಯಾಗಿದ್ದ ಮನೆಯ ಈ ಶಿಸ್ತನ್ನು ಸಾಮಾನ್ಯ ಗೃಹಿಣಿಯ ಕೈಗೆಟುಕುವಂತೆ ಮಾಡಿದವರು ಹನಿ ಮೊತೊಕೊ. 1873ರಲ್ಲಿ ಉತ್ತರ ಜಪಾನಿನ ಹಚಿನೊಹೆಯಲ್ಲಿ ಹುಟ್ಟಿ, ಆ ದೇಶದ ಮೊದಲ ಪತ್ರಕರ್ತೆಯರಲ್ಲಿ ಒಬ್ಬರಾದ ಅವರು, ಪತಿ ಯೊಶಿಕಾಜು ಅವರೊಡನೆ 1903ರಲ್ಲಿ ‘ಮನೆಯ ಗೆಳೆಯ’ ಎಂಬ ಅರ್ಥದ ಪತ್ರಿಕೆಯನ್ನು ಆರಂಭಿಸಿ, ಮರುವರ್ಷವೇ ‘ಕಕೇಬೊ’ ಎಂಬ ಅಚ್ಚಾದ ಮನೆಲೆಕ್ಕದ ಪುಸ್ತಕವನ್ನು ಹೊರತಂದರು. ಅವರ ಪದ್ಧತಿಯಲ್ಲಿ ಖರ್ಚಾದ ಮೇಲೆ ಬರೆಯುವುದಕ್ಕಿಂತ ಮೊದಲೇ ಪ್ರತಿ ಬಾಬತ್ತಿಗೆ ಇಷ್ಟೆಂದು ಗೊತ್ತುಮಾಡುವುದು ಮುಖ್ಯವಾಗಿತ್ತು. ಬರೆದದ್ದನ್ನು ಆ ಗೊತ್ತಿನೊಡನೆ ಹೋಲಿಸಿದಾಗಲೇ ಉಳಿತಾಯದ ದಾರಿ ಕಾಣುತ್ತಿತ್ತು. ಆಹಾರವೆಂಬ ಒಂದೇ ದೊಡ್ಡ ಬಾಬತ್ತಿನೊಳಗೆ ಏನು ಹೆಚ್ಚಿತೆಂಬುದು ಮರೆಯಾಗುವುದರಿಂದ, ಅಕ್ಕಿಯಂಥ ಮುಖ್ಯ ಧಾನ್ಯ, ಮೇಲೋಗರದ ಮೀನು ತರಕಾರಿಗಳು, ಮಿಸೊ ಸಕ್ಕರೆಗಳಂಥ ರುಚಿಕಾರಕಗಳು ಎಂದು ಈ ಪದ್ಧತಿ ಅದನ್ನು ಒಡೆಯುತ್ತದೆ. ಸಮಾಜಕ್ಕೆ ಕೊಡುವ ಹಣಕ್ಕೂ ಅದರಲ್ಲಿ ಪ್ರತ್ಯೇಕ ಬಾಬತ್ತಿದೆ. ಜಿಪುಣತನವನ್ನು ಕಲಿಸುವ ಪುಸ್ತಕವಾಗಿದ್ದರೆ ಅದಕ್ಕೆ ಅಲ್ಲಿ ಸ್ಥಳವಿರುತ್ತಿರಲಿಲ್ಲ.

ಮುಂದೆ ಮಹಿಳಾ ಪತ್ರಿಕೆಗಳು ಹೊಸ ವರ್ಷದ ಸಂಚಿಕೆಯೊಡನೆ ಕಕೇಬೊವನ್ನು ಪುರವಣಿಯಾಗಿ ಕೊಡತೊಡಗಿದವು. ಎರಡನೆಯ ಮಹಾಯುದ್ಧದ ತರುವಾಯ, ಜನರ ಉಳಿತಾಯವನ್ನು ಉದ್ಯಮಗಳ ಬಂಡವಾಳವಾಗಿ ಕಂಡ ಆಡಳಿತವೂ ಇದರ ಬೆನ್ನಿಗೆ ನಿಂತು, 1952ರಲ್ಲಿ ಸ್ಥಾಪನೆಯಾದ ಕೇಂದ್ರ ಉಳಿತಾಯ ಪ್ರೋತ್ಸಾಹ ಸಮಿತಿಯು ಮನೆಲೆಕ್ಕದ ಪುಸ್ತಕಗಳನ್ನು ಹಂಚಿತು. ಗೃಹಿಣಿಯು ತನ್ನ ತಿಳಿವಳಿಕೆಗಾಗಿ ಬರೆಯುತ್ತಿದ್ದ ಪುಸ್ತಕದೊಳಕ್ಕೆ ಹೀಗೆ ಸರ್ಕಾರದ ಅಪೇಕ್ಷೆಯೂ ಪ್ರವೇಶಿಸಿತೆಂಬುದನ್ನು ಕಕೇಬೊವನ್ನು ಬರಿಯ ಮಿತವ್ಯಯದ ಕೌಶಲವೆಂದು ಹೊಗಳುವವರು ಮರೆಯುವುದುಂಟು. ಅದೇ ಬರವಣಿಗೆ ಬೇರೊಂದು ಬಗೆಯಲ್ಲಿಯೂ ಸರ್ಕಾರವನ್ನು ತಲುಪಿತು: ಜಪಾನಿನ ಅಂಕಿಅಂಶ ಇಲಾಖೆಯ ಕುಟುಂಬ ಆಯವ್ಯಯ ಸಮೀಕ್ಷೆಗೆ ಆಯ್ಕೆಯಾದ ಕುಟುಂಬಗಳು ಇಂದಿಗೂ ಸಾಮಾನ್ಯವಾಗಿ ಆರು ತಿಂಗಳು ತಮ್ಮ ಖರೀದಿಗಳನ್ನು ಇಂಥದೇ ಪುಸ್ತಕದಲ್ಲಿ ಬರೆದು ಒಪ್ಪಿಸುತ್ತವೆ, ಮತ್ತು ಬೆಲೆಯೇರಿಕೆಯನ್ನು ಅಳೆಯುವ ಸೂಚ್ಯಂಕದಲ್ಲಿ ಅಕ್ಕಿಗೆ, ತೋಫುವಿಗೆ, ಮನೆಬಾಡಿಗೆಗೆ ಎಷ್ಟೆಷ್ಟು ತೂಕವಿರಬೇಕೆಂಬುದನ್ನು ಮುಖ್ಯವಾಗಿ ಆ ಪುಟಗಳಿಂದಲೇ ಎಣಿಸಲಾಗುತ್ತದೆ.