ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿ ಮತ್ತು ನೆಲೆಯಿಲ್ಲದ ಮಕ್ಕಳ ಚರಿತ್ರೆ

2019ರ ಜೂನ್ 29ರಂದು ಪುಣೆಯ ಕೊಂಢವಾದಲ್ಲಿ ಆವರಣದ ಗೋಡೆಯೊಂದು ಕಟ್ಟಡ ಕಾರ್ಮಿಕರ ಗುಡಿಸಲುಗಳ ಮೇಲೆ ಕುಸಿದು, ಮಕ್ಕಳೂ ಸೇರಿದಂತೆ 15 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ದುಡಿಮೆ ಅರಸಿ ಬಿಹಾರದಿಂದ ಬಂದವರು. ಊರು ಬಿಟ್ಟವರ ಮಕ್ಕಳು ಯಾರ ಆಸರೆಯಲ್ಲಿ ಬೆಳೆಯಬೇಕು ಎಂಬ ಪ್ರಶ್ನೆ ಪುಣೆಗೆ ಹೊಸದಲ್ಲ. ಒಂದು ಶತಮಾನಕ್ಕೂ ಹಿಂದೆ ಅದೇ ಜಿಲ್ಲೆಯ ಕೇಡಗಾಂವ್‌ನಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಾಗಿ ಕ್ರೈಸ್ತ ಸೇವಾಸಂಸ್ಥೆಯೊಂದು ರೂಪುಗೊಂಡಿತು. ಅದನ್ನು ಕಟ್ಟಿದವರು ಕನ್ನಡನಾಡಿನಲ್ಲಿ ಜನಿಸಿದ ಪಂಡಿತಾ ರಮಾಬಾಯಿ (1858-1922). ರಮಾಬಾಯಿಯವರನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಸ್ತ್ರೀಶಿಕ್ಷಣ ಹಾಗೂ ಮತಾಂತರ ಎಂಬ ಎರಡು ಚೌಕಟ್ಟುಗಳಲ್ಲಿ ನಡೆದಿವೆ. ನಿರ್ಗತಿಕ ಮಕ್ಕಳ ಚರಿತ್ರೆಯಲ್ಲಿ ಅವರ ಸ್ಥಾನವೇನೆಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಎಂಬ ಊರಿನವರು, ಮನೆಮಾತು ಮರಾಠಿ. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಆಕ್ಷೇಪಣೆಗೆ ಗುರಿಯಾದ ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದ್ದರು. ರಮಾಬಾಯಿ ಹುಟ್ಟಿದುದು ಅಲ್ಲಿಯೇ. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಕಾಡಿನಿಂದ ಇಳಿದು ಬಂದ ಆ ಮಗುವಿಗೆ ಮುಂದೆ ಸ್ಥಿರವಾದ ಮನೆಯೆಂಬುದಿರಲಿಲ್ಲ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಪರಿಚಿತವಾದ ಪುರಾಣವಾಚನವೇ ಈ ಕುಟುಂಬದ ಜೀವನೋಪಾಯ. ಕ್ಷೇತ್ರಗಳಲ್ಲಿ ಪುರಾಣವನ್ನು ಓದುವುದು, ಕೇಳಿದವರು ಇತ್ತ ಕಾಣಿಕೆಯಿಂದ ದಿನ ಕಳೆಯುವುದು. ಆದರೆ ಈ ವೃತ್ತಿ ನಿಂತಿದ್ದುದು ಕೇಳುಗರ ಕಣಜದ ಮೇಲೆ. 1870ರ ದಶಕದ ಕ್ಷಾಮದಲ್ಲಿ ಕಣಜ ಬರಿದಾದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಮಗೆ ಬೇರಾವ ಕೆಲಸವೂ ತಿಳಿದಿರಲಿಲ್ಲ, ಕೂಲಿ ಮಾಡಲು ಕುಲಾಭಿಮಾನ ಬಿಡಲಿಲ್ಲ ಎಂದು ರಮಾಬಾಯಿ 1907ರ ಆತ್ಮನಿವೇದನೆಯಲ್ಲಿ ಹೇಳಿಕೊಂಡಿದ್ದಾರೆ. ಉಳಿದವರು ಅವರೂ ಅಣ್ಣ ಶ್ರೀನಿವಾಸನೂ ಮಾತ್ರ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ರಮಾಬಾಯಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ಈ ಗೌರವದ ಹಿಂದಿದ್ದ ಹಸಿವನ್ನು ಚರಿತ್ರಕಾರರು ಮರೆಯಲಾಗದು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಅವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅದರಲ್ಲಿದ್ದವರು ಮುಖ್ಯವಾಗಿ ಮೇಲ್ಜಾತಿಯ ಬಾಲವಿಧವೆಯರು. 1896-97ರ ಕ್ಷಾಮ ಈ ಮಿತಿಯನ್ನು ಒಡೆಯಿತು. ಮಧ್ಯಪ್ರಾಂತ್ಯಕ್ಕೆ ತೆರಳಿ ಅವರು ಸುಮಾರು 300 ಬಾಲಕಿಯರನ್ನೂ ಸ್ತ್ರೀಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರಿಗೆ ಕೇಡಗಾಂವ್‌ನ ಜಮೀನೇ ಆಶ್ರಯವಾಯಿತು. ಹೀಗೆ ಹುಟ್ಟಿದುದು ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿಯಿದ್ದರು.

ಇಲ್ಲಿನ ಶಿಕ್ಷಣಕ್ರಮ ಗಮನಾರ್ಹ. ಓದುಬರಹದ ಜೊತೆಗೆ ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಮುದ್ರಣಗಳನ್ನು ಬಾಲಕಿಯರು ಕಲಿತರು. ಅಂಧರಿಗೆ ಬ್ರೈಲ್ ಲಿಪಿಯ ಪಾಠವಿತ್ತು. ರಮಾಬಾಯಿಯವರ ಮರಾಠಿ ಬೈಬಲ್ ಅನುವಾದಕ್ಕೆ ಅಚ್ಚುಮೊಳೆ ಜೋಡಿಸಿದವರೂ ಈ ಸದನದವರೇ. ಸಮಗ್ರ ಅನುವಾದವು ಅವರ ನಿಧನಾನಂತರ 1924ರಲ್ಲಿ ಪ್ರಕಟವಾಯಿತು. ಇದನ್ನು ಕೇವಲ ಪಾಶ್ಚಾತ್ಯ ಮಿಷನರಿ ಮಾದರಿಯ ಅನುಕರಣೆಯೆಂದು ನಾವು ಭಾವಿಸುವುದಿಲ್ಲ. ಕೈಕಸುಬಿಲ್ಲದ ವಿದ್ಯೆ ಬರಗಾಲದಲ್ಲಿ ತನ್ನವರನ್ನು ಕಾಯಲಿಲ್ಲವೆಂಬ ಅನುಭವವೂ ಈ ಕ್ರಮದ ಹಿಂದಿದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮುಖವನ್ನೂ ಹೇಳಲೇಬೇಕು. 1893ರಲ್ಲಿ ಶಾರದಾ ಸದನದಲ್ಲಿ ಮತಪ್ರಚಾರ ನಡೆಯುತ್ತಿದೆಯೆಂಬ ವಿವಾದ ಎದ್ದಾಗ ರಾನಡೆ, ಭಂಡಾರಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ತಿಲಕರ 'ಕೇಸರಿ' ಕಟುವಾಗಿ ಟೀಕಿಸಿತು. ಕ್ಷಾಮದ ಅನಾಥರು ಮಿಷನರಿಗಳ ಪಾಲಾಗದಿರಲೆಂದು ಲಾಲಾ ಲಜಪತರಾಯರು 1897ರಲ್ಲಿ ಹಿಂದೂ ಅನಾಥರ ರಕ್ಷಣೆಯ ಚಳವಳಿಯನ್ನು ಹೂಡಿದರು. ಅಂದರೆ ದಿಕ್ಕಿಲ್ಲದ ಮಗು ಎರಡು ಸಮಾಜಗಳ ನಡುವಣ ಸ್ಪರ್ಧೆಯ ವಸ್ತುವಾಯಿತು. ಹಸಿದ ಮಗು ಅನ್ನವನ್ನು ಒಂದೆಡೆಯಿಂದಲೂ ಶ್ರದ್ಧೆಯನ್ನು ಇನ್ನೊಂದೆಡೆಯಿಂದಲೂ ಆರಿಸಿಕೊಳ್ಳಲಾರದು. ಆದ್ದರಿಂದ ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಮಕ್ಕಳು ಬದುಕಿ ಉಳಿದರೆಂಬುದೂ ಅಷ್ಟೇ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟ ಚರಿತ್ರೆ ಅಪೂರ್ಣವಾಗುತ್ತದೆ.

ಕನ್ನಡನಾಡಿನೊಡನೆ ಈ ಕಾರ್ಯದ ನಂಟು ಗಂಗಾಮೂಲದಲ್ಲಿಯೇ ಕಡಿಯಲಿಲ್ಲ. 1910ರ ದಶಕದ ಆರಂಭದಲ್ಲಿ ಪುತ್ರಿ ಮನೋರಮಾಬಾಯಿ, ಆಗ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ಗುಲಬರ್ಗಾದಲ್ಲಿ (ಇಂದಿನ ಕಲಬುರಗಿ) ಶಾಲೆಯ ಸ್ಥಾಪನೆಗೆ ನೆರವಾದರು. ಕಲಬುರಗಿ ಸೀಮೆಯಿಂದ ಕಟ್ಟಡದ ಕೆಲಸಕ್ಕಾಗಿ ಪುಣೆಗೆ ಹೋಗುವ ಕುಟುಂಬಗಳು ಇಂದಿಗೂ ಇವೆ. ರಮಾಬಾಯಿ ಬರೆದುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಆ ಕಾರಣದಿಂದ ಕನ್ನಡ ಸಂಶೋಧನೆ ಅವರನ್ನು ಹೊರಗಿನವರೆಂದು ಬಿಡಬೇಕಾಗಿಲ್ಲ. ಎರಡೂ ಭಾಷೆಗಳ ಆಕರಗಳನ್ನು ಕೂಡಿಸಿ ನೋಡಬಲ್ಲ ಹೊರನಾಡಿನ ಸಂಶೋಧಕರು, ಕೇಡಗಾಂವ್‌ನ ಬಾಲಕಿಯರು ಮುಂದೆ ಏನಾದರೆಂಬುದನ್ನು ಹುಡುಕಬೇಕಾಗಿದೆ. ರಕ್ಷಿಸಿದವರ ಹೆಸರು ನಮಗೆ ತಿಳಿದಿದೆ. ರಕ್ಷಿತರ ಬದುಕನ್ನು ಬರೆಯುವ ಕೆಲಸ ಉಳಿದಿದೆ.