ಬೀದರ್ ಜಿಲ್ಲೆಯ ಕ್ಷೇತ್ರ ಪುನರ್ವಿಂಗಡಣೆ

ಬೀದರ್ ಜಿಲ್ಲೆಯ ಮತಕ್ಷೇತ್ರಗಳ ಈಗಿನ ಗಡಿಗಳನ್ನೂ ಮೀಸಲಾತಿಯನ್ನೂ ನಿಗದಿಪಡಿಸಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ. ಇದಕ್ಕೆ 2001ರ ಜನಗಣತಿಯೇ ಆಧಾರ. 2008ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯು ದೇಶದಲ್ಲಿ ಈ ಹೊಸ ವಿಂಗಡಣೆಯಂತೆ ನಡೆದ ಮೊದಲನೆಯದು.

ಬದಲಾವಣೆಗಳು

ಹುಲಸೂರು ಕ್ಷೇತ್ರವು ರದ್ದಾಗಿ ಬೀದರ್ ದಕ್ಷಿಣ ರಚನೆಯಾಯಿತು. ಬೀದರ್ ಮತ್ತು ಭಾಲ್ಕಿ ಸಾಮಾನ್ಯ ಕ್ಷೇತ್ರಗಳಾಗಿಯೇ ಉಳಿದವು. ಅದುವರೆಗೆ ಸಾಮಾನ್ಯವಾಗಿದ್ದ ಔರಾದ್ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಲೋಕಸಭೆಯ ಮಟ್ಟದಲ್ಲಿ ಆದದ್ದು ಇದಕ್ಕೆ ವಿರುದ್ಧ: ರಾಮಚಂದ್ರ ವೀರಪ್ಪನವರು ಹಲವು ಬಾರಿ ಪ್ರತಿನಿಧಿಸಿದ್ದ ಬೀದರ್ ಮೀಸಲು ಕ್ಷೇತ್ರವು ಸಾಮಾನ್ಯವಾಯಿತು, ನೆರೆಯ ಗುಲ್ಬರ್ಗಾ ಮೀಸಲಾಯಿತು. 2009ರಲ್ಲಿ ಬೀದರ್‌ನಿಂದ ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್, ಗುಲ್ಬರ್ಗಾದಿಂದ ಮಲ್ಲಿಕಾರ್ಜುನ ಖರ್ಗೆ ಆಯ್ಕೆಯಾದರು.

ನಾಗರಿಕರ ಪಾತ್ರ

2002ರ ಪುನರ್ವಿಂಗಡಣಾ ಕಾಯ್ದೆಯಂತೆ ಆಯೋಗವು ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಿ, ಬಹಿರಂಗ ಸಭೆಗಳನ್ನು ನಡೆಸಬೇಕು. ತನ್ನ ಊರು ಯಾವ ಕ್ಷೇತ್ರಕ್ಕೆ ಸೇರಬೇಕೆಂದು ಹೇಳಲು ಸಾಮಾನ್ಯ ಮತದಾರನಿಗಿರುವ ಅವಕಾಶ ಬಹುಮಟ್ಟಿಗೆ ಇದೊಂದೇ. ಅಂತಿಮ ಆದೇಶಕ್ಕೆ ಕಾನೂನಿನ ಬಲವಿದ್ದು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ಕಾಯ್ದೆಯೇ ಹೇಳುತ್ತದೆ.

ಸರದಿಯ ಪ್ರಶ್ನೆ

ಗ್ರಾಮ ಪಂಚಾಯಿತಿಗಳಲ್ಲಿ ಮೀಸಲು ಸ್ಥಾನಗಳು ಸರದಿಯಂತೆ ಬದಲಾಗುತ್ತವೆ. ವಿಧಾನಸಭೆಗೆ ಅಂತಹ ಸರದಿಯಿಲ್ಲ. ಪರಿಶಿಷ್ಟರ ಪ್ರಮಾಣ ಹೆಚ್ಚಿರುವ ಪ್ರದೇಶಗಳಲ್ಲಿ, ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಿಕೆಯಾಗುವಂತೆ, ಕ್ಷೇತ್ರಗಳನ್ನು ಮೀಸಲಿಡಲಾಗುತ್ತದೆ. ಹೀಗಾಗಿ 2008, 2013, 2018 ಮತ್ತು 2023ರ ನಾಲ್ಕೂ ಚುನಾವಣೆಗಳಲ್ಲಿ ಔರಾದ್‌ನಲ್ಲಿ ಪರಿಶಿಷ್ಟ ಜಾತಿಯವರಷ್ಟೇ ಸ್ಪರ್ಧಿಸಬಹುದಾಗಿತ್ತು. ಪಕ್ಕದ ಭಾಲ್ಕಿಯ ಪರಿಶಿಷ್ಟರಿಗೆ ಮೀಸಲಾತಿಯ ಅವಕಾಶ ಒಮ್ಮೆಯೂ ಬರಲಿಲ್ಲ. ಸಂವಿಧಾನದ 84ನೆಯ ತಿದ್ದುಪಡಿಯು ಮುಂದಿನ ಪುನರ್ವಿಂಗಡಣೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು.