ಜಂಟೊ: ಫಿಲಡೆಲ್ಫಿಯದ ಮಿತ್ರಮಂಡಲಿ

1727ರ ಶರತ್ಕಾಲದಲ್ಲಿ, ತರುಣ ಮುದ್ರಕ ಬೆಂಜಮಿನ್ ಫ್ರಾಂಕ್ಲಿನನು ಕಟ್ಟಿದ ಜಂಟೊ ಎಂಬ ಕೂಟದಲ್ಲಿ, ಗಾಜು ಕೂರಿಸುವ ಕಸುಬಿನವನಾಗಿಯೂ ಸ್ವಪ್ರಯತ್ನದಿಂದ ಗಣಿತಜ್ಞನಾದ ಥಾಮಸ್ ಗಾಡ್‌ಫ್ರೇಯೂ, ಜೋಡು ಹೊಲಿಯುವ ವೃತ್ತಿ ಕಲಿತಿದ್ದ ವಿಲಿಯಂ ಪಾರ್ಸನ್ಸನೂ, ಸ್ಥಿತಿವಂತ ರಾಬರ್ಟ್ ಗ್ರೇಸನೂ ಸಮಾನರಾಗಿ ಕುಳಿತು, ಪ್ರತಿ ಶುಕ್ರವಾರ ಸಂಜೆ ನೀತಿ, ರಾಜಕಾರಣ, ಪ್ರಕೃತಿವಿಜ್ಞಾನಗಳನ್ನು ಚರ್ಚಿಸುತ್ತಿದ್ದರು. ಮಿತ್ರನ ಮಾತನ್ನು ನೇರವಾಗಿ ಖಂಡಿಸಿದವನು ಅಲ್ಪ ದಂಡ ತೆರಬೇಕಾಗಿತ್ತು. ಈ ಸಂಯಮವೇ ಅವರ ಸ್ನೇಹದ ಭದ್ರ ಬುನಾದಿಯೆನ್ನಬೇಕು. ತಂತಮ್ಮ ಗ್ರಂಥಗಳನ್ನು ಒಂದೆಡೆ ಕೂಡಿಸಿಟ್ಟ ಪ್ರಯೋಗವು, ಪಾಲನೆಯ ಕೊರತೆಯಿಂದ ಸುಮಾರು ವರ್ಷದಲ್ಲಿಯೇ ಮುರಿದುಬಿದ್ದರೂ, ಅದರ ಬೆನ್ನಿಗೇ 1731ರಲ್ಲಿ, ಐವತ್ತು ಮಂದಿ ತಲಾ 40 ಷಿಲಿಂಗ್ ತೆತ್ತು ಸೇರುವಂತೆ ಯೋಜಿಸಿದ ಲೈಬ್ರರಿ ಕಂಪನಿಯು ಜನ್ಮತಾಳಿತು. ಇಂಥದೇ ಸಹಕಾರದ ಹಾದಿಯಲ್ಲಿ 1736ರಲ್ಲಿ ಫ್ರಾಂಕ್ಲಿನನು ಸ್ಥಾಪಿಸಿದ ಯೂನಿಯನ್ ಅಗ್ನಿಶಾಮಕ ಸಂಘದ ಸದಸ್ಯರಾದರೋ, ನೀರಿಗೆ ತೊಗಲಿನ ಬಾಲ್ದಿಗಳನ್ನೂ, ಉರಿಯುವ ಮನೆಯ ಸಾಮಾನನ್ನು ಸಾಗಿಸಲು ಗಟ್ಟಿ ಚೀಲಗಳನ್ನೂ ಸದಾ ಸಿದ್ಧವಾಗಿರಿಸಿಕೊಂಡಿರುತ್ತಿದ್ದರು.